ಕೆಮ್ಮಿನ ಔಷಧಿ ಮತ್ತು ನನ್ನ ಕೈಗುಣ

ಫಾರ್ಮಸಿ ಓದಿ ಸರ್ಕಾರಿ ಆಸ್ಪತ್ರೆಗೆ ಸೇರುವ ಹುಡುಗ ಹುಡುಗಿಯರು ಆಗಾಗ ತುಮಕೂರಿನ ನಮ್ಮ ಮನೆಗೆ ಬರುತ್ತಾರೆ. ‘ಸರ್, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು?’ ಎಂದು ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡುವಷ್ಟರಲ್ಲಿ ಮೊಬೈಲು ನೋಡಿಕೊಳ್ಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬರೆದದ್ದನ್ನು ಓದದೆ ಬಿಟ್ಟರೂ ನನ್ನ ಕಣ್ಣಿಗೆ ಬೀಳುವುದಿಲ್ಲ, ನನ್ನ ಮಾನ ಉಳಿಯುತ್ತದೆ.

ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎನ್ನುವುದೆಲ್ಲ ಇಲ್ಲಿ ಬರುವುದಿಲ್ಲ. ಬಡ್ತಿ ಬಂದದ್ದು ನನ್ನ ಮುಂದಿದ್ದವರು ರಿಟೈರ್ ಆದದ್ದರಿಂದ. ಶಾಲು ನನ್ನ ಹೆಂಡತಿಯ ಪೆಟ್ಟಿಗೆಯಲ್ಲಿದೆ. ನಾನು ಹೇಳಬೇಕಾದದ್ದು ಕೆಮ್ಮಿನ ಔಷಧಿಯ ವಿಷಯ, ಆ ಔಷಧಿ ಕುಡಿದ ಚಿಕ್ಕಣ್ಣನೆಂಬ ಬಸ್ ಡ್ರೈವರನ ವಿಷಯ, ಅದನ್ನು ಕಲಸಿಕೊಟ್ಟ ಮಹಾನುಭಾವನಾದ ನನ್ನ ವಿಷಯ.

ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ನನ್ನ ಮೊದಲ ಪೋಸ್ಟಿಂಗ್ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಆಸ್ಪತ್ರೆಗೆ ಆಯಿತು. ಚೇಳೂರಿನಿಂದ ಗುಬ್ಬಿಗೆ ಹೋಗುವ ಬಸ್ಸು ನಮ್ಮ ಬಾಗಿಲಿನ ಮುಂದೆಯೇ ನಿಲ್ಲುತ್ತಿತ್ತು. ಊರಿನ ಹೆಸರು ಬೇಡ. ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ಎಳನೀರು ಕೊಡುತ್ತಾರೆ, ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ.

ಈಗ ನಿಮಗೆ ಎಲ್ಲವೂ ಕಂಪನಿಯಿಂದ ಸೀಲಾಗಿ ಬರುತ್ತದೆ. ನೀವು ಮಾತ್ರೆಯ ಪಟ್ಟಿ ಕತ್ತರಿಸಿ ಕೊಟ್ಟು ‘ಊಟ ಆದ್ಮೇಲೆ’ ಎಂದರೆ ಮುಗಿಯಿತು. ನಮ್ಮ ಕಾಲದಲ್ಲಿ ಹೊಟ್ಟೆನೋವಿಗೆ, ಜ್ವರಕ್ಕೆ, ಕೆಮ್ಮಿಗೆ ಬೇರೆ ಬೇರೆ ಮಿಕ್ಸ್‌ಚರುಗಳನ್ನು ಬೆಳಿಗ್ಗೆ ಬಂದು ನಾವೇ ಕಲಸಿ ದೊಡ್ಡ ಗಾಜಿನ ಜಾಡಿಗಳಿಗೆ ತುಂಬಬೇಕಾಗಿತ್ತು. ಬಾಟಲಿ ರೋಗಿಗಳದ್ದು. ಬ್ರಾಂದಿ ಬಾಟಲಿ, ಇಂಕಿನ ಬಾಟಲಿ, ಹರಳೆಣ್ಣೆ ಬಾಟಲಿ, ಸೀಮೆಎಣ್ಣೆ ನಾತ ಹೊಡೆಯುವ ಬಾಟಲಿ, ಎಲ್ಲವೂ ಕ್ಯೂನಲ್ಲಿ ನಿಂತಿರುತ್ತಿದ್ದವು. ಬಾಟಲಿಗೆ ಒಂದು ಉದ್ದನೆಯ ಕಾಗದ ಅಂಟಿಸಿ, ಅದರ ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಮಾಡುತ್ತಿದ್ದೆವು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಮನೆ ತಲುಪುವ ಹೊತ್ತಿಗೆ ಅಂಟು ಬಿಟ್ಟು ಕಾಗದ ದಾರಿಯಲ್ಲೇ ಉದುರಿರುತ್ತಿತ್ತು. ಆಮೇಲೆ ಗುಟುಕೇ ಅಳತೆ, ಗಂಟಲೇ ಅಳತೆಗೋಲು.

ಆಗ ಇದ್ದ ಡಾಕ್ಟರು ವಯಸ್ಸಾದವರು, ಒಳ್ಳೆಯ ಮನುಷ್ಯ, ಆದರೆ ಬರೆಯಲು ಬೇಜಾರು. ಚೀಟಿಯಲ್ಲಿ ‘ಕೆಂಪು’, ‘ಬಿಳಿ’ ಎಂದಷ್ಟೇ ಗೀಚುತ್ತಿದ್ದರು. ಒಂದು ಸಲ ಕೆಂಪು ಬಣ್ಣ ಮುಗಿದು, ಜ್ವರದ ಔಷಧಿಯನ್ನು ಬಣ್ಣವಿಲ್ಲದೆ ಕೊಟ್ಟೆ. ಊರಿಗೆ ಊರೇ ಬಂದು ಜ್ವರ ಇಳಿಯಲಿಲ್ಲ ಎಂದಿತು. ಡಾಕ್ಟರು ನನ್ನನ್ನು ಒಳಗೆ ಕರೆದು, ‘ಅಲ್ಲಯ್ಯಾ ನಂಜುಂಡಯ್ಯ, ಜನ ನೀರು ಕುಡಿಯೋಕೆ ಆಸ್ಪತ್ರೆಗೆ ಬರ್ತಾರೇನಯ್ಯಾ?’ ಎಂದು ಬೈದರು. ಮನೆಯಿಂದ ಬೀಟ್‌ರೂಟು ಬೇಯಿಸಿದ ನೀರು ತಂದು ಬೆರೆಸಿದೆ. ಜ್ವರ ಇಳಿಯಿತು, ಜಾಡಿ ಮಾತ್ರ ಹುಳಿ ಬಂತು.

ನಾನು ಚಾರ್ಜ್ ತೆಗೆದುಕೊಂಡದ್ದು ಒಬ್ಬ ಹಳೆಯ ಕಾಂಪೌಂಡರರಿಂದ. ಹೋಗುವಾಗ ಅವರು ಬೀರುವಿನೊಳಗಿನ ಒಂದು ಕಂದು ಬಣ್ಣದ ದೊಡ್ಡ ಬಾಟಲಿ ತೋರಿಸಿ, ‘ಇದು ಕರ್ಪೂರದ ಟಿಂಕ್ಚರು. ಕೆಮ್ಮಿನ ಔಷಧಿಗೆ ಹಾಕೋದು. ಇದರ ವಿಷಯದಲ್ಲಿ ಕೈ ಬಿಗಿ ಇರ್ಲಿ ಕಣಪ್ಪಾ’ ಎಂದರು. ಅದರಲ್ಲಿ ಕರ್ಪೂರ ಇತ್ತು, ಸೋಂಪಿನ ಎಣ್ಣೆ ಇತ್ತು, ಅವುಗಳ ಜೊತೆಗೆ ಅಫೀಮೂ ಇತ್ತು. ಬಾಟಲಿಯ ಮೇಲೆ ಕೆಂಪು ಅಕ್ಷರದಲ್ಲಿ ‘ವಿಷ’ ಎಂದು ಬರೆದಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಮಾರ್ಕ್ಸೂ ತೆಗೆದುಕೊಂಡಿದ್ದೆ. ಬೀರುವಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಸ್ನಾನಕ್ಕೂ ಬಿಚ್ಚದೆ ಕಾಯುತ್ತಿದ್ದೆ. ಆದರೆ ಕೈ ಬಿಗಿ ಇರಲಿ ಎಂಬ ಮಾತು ನನಗೆ ಹಿಡಿಸಲಿಲ್ಲ. ಸರ್ಕಾರ ಬಡವರಿಗೆ ಅಂತ ಕಳಿಸಿದ್ದರಲ್ಲಿ ಈ ಮುದುಕ ಜಿಪುಣತನ ಮಾಡಿದ್ದಾನೆ ಎಂದುಕೊಂಡೆ. ಆ ವಯಸ್ಸಿನಲ್ಲಿ ನಾನು ಸ್ವಲ್ಪ ಸಮಾಜವಾದಿ. ಕೆಮ್ಮಿನ ಜಾಡಿಗೆ ಟಿಂಕ್ಚರನ್ನು ಅಳತೆಗಿಂತ ಧಾರಾಳವಾಗಿಯೇ ಸುರಿಯುತ್ತಿದ್ದೆ. ವಿಷದ ಬೀಗ ನನ್ನ ಸೊಂಟದಲ್ಲಿ ಭದ್ರ. ವಿಷ ಹೊರಗಿನ ಜಾಡಿಯಲ್ಲಿ.

ಕೆಲವೇ ತಿಂಗಳಲ್ಲಿ ನನ್ನ ಹೆಸರು ಹಬ್ಬಿತು. ‘ಹಳೇ ಕಾಂಪೌಂಡ್ರು ಔಸ್ದಿ ನೀರಿದ್ದಂಗಿತ್ತು, ಈಯಪ್ಪಂದು ಕೈಗುಣ’ ಎಂದು ಜನ ಮಾತಾಡಿಕೊಂಡರು. ಕೈಗುಣ ಎನ್ನುವ ಮಾತು ಎಂಥದ್ದೆಂದು ನಿಮಗೆ ಗೊತ್ತಲ್ಲ. ಅದೇ ಔಷಧಿ ಇನ್ನೊಬ್ಬರು ಕೊಟ್ಟರೆ ನಾಟುವುದಿಲ್ಲ, ಇವನ ಕೈಯಿಂದ ಬಂದರೆ ನಾಟುತ್ತದೆ. ಇದಕ್ಕೆ ಸರ್ಟಿಫಿಕೇಟು ಕೊಡುವ ಕಾಲೇಜಿಲ್ಲ, ಜನರೇ ಕೊಡಬೇಕು. ಜನ ಕೊಟ್ಟರು, ನಾನು ನಂಬಿದೆ. ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಬಲಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಸಾವಿತ್ರಿ, ‘ನೋಡಿದ್ದು ಸಾಕು, ಸಾರು ಆರ್ತಿದೆ’ ಎನ್ನುತ್ತಿದ್ದಳು.

ನನ್ನ ಕೈಗುಣದ ದೊಡ್ಡ ಭಕ್ತ ಚಿಕ್ಕಣ್ಣ. ಗುಬ್ಬಿ ದಾರಿಯ ಖಾಸಗಿ ಬಸ್ಸಿನ ಡ್ರೈವರು, ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಎತ್ತರದ ಆಳು, ಖಾಕಿ ಷರಟಿನ ಕಾಲರಿಗೆ ಯಾವಾಗಲೂ ಕರ್ಚೀಫು. ಸ್ಟಿಯರಿಂಗು ಅಂದರೆ ಅವನಿಗೆ ಪ್ರಾಣ. ಬಸ್ಸು ಮಾಲೀಕನದ್ದಾದರೂ ಅದರ ಮೂತಿಯನ್ನು ದಿನಾ ಅವನೇ ಒರೆಸುತ್ತಿದ್ದ, ಕಂಡಕ್ಟರನಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಮಾಗಿಯಲ್ಲಿ ಧೂಳು ಕುಡಿದು ಕೆಮ್ಮು ಹತ್ತಿತು. ಬಸ್ಸನ್ನು ಆಸ್ಪತ್ರೆ ಮುಂದೆ ನಿಲ್ಲಿಸಿ, ಎಂಜಿನ್ ಆರಿಸದೆ ಓಡಿ ಬಂದು, ‘ಸಾ, ಕೆಮ್ಮು ಜೀವ ತಿಂತೈತೆ, ಒಸಿ ನಿಮ್ ಕೈಯಾರೆ ಕೊಡಿ’ ಎಂದ. ಕೊಟ್ಟೆ. ಕೆಮ್ಮು ನಿಂತಿತು. ನನಗೆ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಯಂ ಆಯಿತು.

ಕೆಮ್ಮು ನಿಂತರೂ ಬಾಟಲಿ ನಿಲ್ಲಲಿಲ್ಲ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದವನು ಆಮೇಲೆ ಎರಡು ಸಲ, ಆಮೇಲೆ ಹೋಗುವಾಗ ಒಂದು, ಬರುವಾಗ ಒಂದು. ಬಾಟಲಿಯೂ ಇಂಕಿನದ್ದರಿಂದ ಬ್ರಾಂದಿಯದ್ದಕ್ಕೆ ಬೆಳೆಯಿತು. ‘ಇನ್ನೂ ಕೆಮ್ಮೇನಪ್ಪಾ ಚಿಕ್ಕಣ್ಣ?’ ಎಂದರೆ, ‘ಬತ್ತೈತೇನೋ ಅಂತ ಮೊದ್ಲೇ ಕುಡ್ಕತೀನಿ ಸಾ’ ಎನ್ನುತ್ತಿದ್ದ. ಎಂಥ ಮುಂದಾಲೋಚನೆ ಎಂದು ನಾನು ಮೆಚ್ಚಿಕೊಂಡೆ. ನಮ್ಮ ಜನಕ್ಕೆ ಈ ಮುನ್ನೆಚ್ಚರಿಕೆ ಎಲ್ಲರಿಗೂ ಬಂದರೆ ದೇಶ ಉದ್ಧಾರವಾಗುತ್ತದೆ ಎಂದು ಸಾವಿತ್ರಿಗೂ ಹೇಳಿದೆ.

ಇದರ ನಡುವೆ ನನಗೆ ವರ್ಗದ ಆರ್ಡರು ಬಂತು. ಊರಿನವರು ಒಂದು ಲಾರಿ ಮಾಡಿಕೊಂಡು ತುಮಕೂರಿನ ದೊಡ್ಡ ಆಫೀಸರ ಮುಂದೆ ಗಲಾಟೆ ಮಾಡಲು ಹೊರಟರು. ದಾರಿಯಲ್ಲಿ ಧೂಳು ಅಂತ ಅವರ ಕೈಗೆ ಒಂದು ದೊಡ್ಡ ಬಾಟಲಿ ಕೆಮ್ಮಿನ ಔಷಧಿಯನ್ನು ನಾನೇ ತುಂಬಿಸಿಕೊಟ್ಟೆ. ಆಫೀಸರು ಮಧ್ಯಾಹ್ನದವರೆಗೆ ಕಾಯಿಸಿದರಂತೆ. ಅಷ್ಟರಲ್ಲಿ ಬಾಟಲಿ ಬರಿದಾಗಿ, ಲಾರಿಯ ಜನರೆಲ್ಲ ಮೆಟ್ಟಿಲ ಮೇಲೆ ನೆಮ್ಮದಿಯಾಗಿ ಕೂತು ತೂಕಡಿಸುತ್ತಿದ್ದರಂತೆ. ಇಷ್ಟು ಶಾಂತವಾದ ಗಲಾಟೆಯನ್ನು ಆಫೀಸರು ಹಿಂದೆ ಕಂಡಿರಲಿಲ್ಲ. ‘ಯಾರ್ರೀ ಅವನು ಕಾಂಪೌಂಡರು, ಧನ್ವಂತರೀನಾ? ಇರ್ಲಿ ಬಿಡಿ ಅಲ್ಲೇ’ ಎಂದು ವರ್ಗ ರದ್ದು ಮಾಡಿದರು. ನನ್ನ ಎದೆ ಷರಟಿನ ಗುಂಡಿ ಕೀಳುವಷ್ಟು ಉಬ್ಬಿತು.

ಆ ಹೊತ್ತಿಗೆ ಹಳೆಯ ಡಾಕ್ಟರು ರಿಟೈರ್ ಆಗಿ, ಡಾಕ್ಟರ್ ವಿಮಲಾ ಎಂಬ ಹೆಣ್ಣುಮಗಳು ಬಂದರು. ಗಾಜಿನ ಬಳೆ, ಗಂಡಸರ ವಾಚು, ನೇರ ಮಾತು. ಬಂದ ಮೊದಲ ವಾರ ನನ್ನ ಕ್ಯೂ ನೋಡಿದರು. ಎರಡನೆಯ ವಾರ ಕರೆದು ಕೇಳಿದರು.

‘ನಿಮ್ಮ ಕೈಗುಣ ತುಂಬಾ ಒಳ್ಳೇದಂತಲ್ಲ ನಂಜುಂಡಯ್ಯನೋರೆ?’

‘ಜನ ಹಾಗಂತಾರೆ ಮೇಡಂ’ ಎಂದು ನೆಲ ನೋಡಿದೆ.

‘ಹಾಗಿದ್ರೆ ಕೆಮ್ಮು ವಾಸಿಯಾಗಿ ಜನ ಬರೋದು ನಿಲ್ಲಿಸ್ಬೇಕಲ್ವಾ? ಹೊಟ್ಟೆನೋವಿನೋರು ನಿಲ್ಲಿಸಿದಾರೆ, ಜ್ವರದೋರು ನಿಲ್ಲಿಸಿದಾರೆ. ಕೆಮ್ಮಿನೋರು ಮಾತ್ರ ಹೆಚ್ಚುತ್ತಾನೇ ಇದಾರೆ. ಅವರು ಯಾರೂ ಕೆಮ್ಮೋದನ್ನ ನಾನು ಕೇಳೇ ಇಲ್ಲ.’

ಹೊಸಬರು, ಹೊಟ್ಟೆಕಿಚ್ಚು ಎಂದುಕೊಂಡು ಬಂದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ. ಹೆಂಗಸರಿಗೆ ಪ್ರಾಕ್ಟೀಸು ಬೇಗ ಕೂಡುವುದಿಲ್ಲ, ಅದಕ್ಕೆ ನನ್ನ ಮೇಲೆ ಕಣ್ಣು ಎಂದು ಸಾವಿತ್ರಿಯ ಹತ್ತಿರ ಗೊಣಗಿದೆ. ಅವಳು ತೊಗರಿಬೇಳೆ ಆರಿಸುತ್ತಿದ್ದಳು.

ಅದೇ ಸಮಯಕ್ಕೆ ಜಿಲ್ಲಾ ಸ್ಟೋರಿನಲ್ಲಿ ಆ ಟಿಂಕ್ಚರು ಮುಗಿದುಹೋಯಿತು. ಮುಂದಿನ ಸಪ್ಲೈ ಯಾವಾಗ ಎಂದರೆ ಯಾರಿಗೂ ಗೊತ್ತಿಲ್ಲ. ನಾನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಕೈಗುಣ ಇದ್ದ ಮೇಲೆ ಟಿಂಕ್ಚರು ಯಾಕೆ? ಅದೊಂದು ಬಿಟ್ಟು ಮಿಕ್ಕದ್ದನ್ನೆಲ್ಲ ಹಾಕಿ, ಸೋಂಪು ಕುದಿಸಿದ ನೀರು ಬೆರೆಸಿ, ಅದೇ ಬಣ್ಣ, ಅದೇ ವಾಸನೆ ಬರಿಸಿ ಜಾಡಿ ತುಂಬಿಸಿದೆ.

ಎರಡೇ ದಿನ. ಊರಿಗೆಲ್ಲ ಶೀತ ಬಂತು. ಮೂಗು ಸೋರುವವರು, ಕಣ್ಣು ಸೋರುವವರು, ದವಡೆ ಬೀಳುವಂತೆ ಆಕಳಿಸುವವರು ಕ್ಯೂನಲ್ಲಿ ನಿಂತರು. ಕೆಲವರಿಗೆ ಭೇದಿ. ಅಂಗಡಿ ಪುಟ್ಟಮ್ಮ ಎಂಬ ಮುದುಕಿ ಬಾಟಲಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿ, ‘ಏನ್ ಮಾಡ್ಕಂಡ್ಯಪ್ಪಾ ನಿನ್ ಕೈನ? ಗುಣ ಹೊಂಟೋಗೈತೆ ಕಣೋ’ ಎಂದಳು. ನನಗೆ ಅಳುವೇ ಬಂತು. ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. ಆವತ್ತು ಅವಳಿಗೂ ಕನಿಕರ ಬಂದು, ದೃಷ್ಟಿಯಾಗಿರಬೇಕು ಎಂದು ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ನನಗೆ ನಿವಾಳಿಸಿದಳು. ಪೂರ್ತಿ ನನಗೂ ಅಲ್ಲ, ಬಲಗೈಗೆ. ಸರ್ಕಾರದಿಂದ ಸಂಬಳ ತೆಗೆದುಕೊಳ್ಳುವ, ಔಷಧ ವಿಜ್ಞಾನ ಓದಿದ ಮನುಷ್ಯ ನಡುಮನೆಯಲ್ಲಿ ಕೈ ಚಾಚಿಕೊಂಡು ನಿಂತಿದ್ದೆ. ಮೆಣಸಿನಕಾಯಿಯನ್ನು ಒಲೆಗೆ ಹಾಕಿದರೆ ಘಾಟು ಬಂತು. ಘಾಟು ಬಂದರೆ ದೃಷ್ಟಿಯಾಗಿಲ್ಲ ಎಂದು ಅರ್ಥ. ಇಬ್ಬರೂ ಕೆಮ್ಮಿದೆವು.

ಮಾರನೆಯ ಬೆಳಿಗ್ಗೆ ಗುಬ್ಬಿಗೆ ಹೊರಟ ಬಸ್ಸು ಆಸ್ಪತ್ರೆ ಹತ್ತಿರದ ಹುಣಸೆಮರದ ಕೆಳಗೆ ನಿಂತುಬಿಟ್ಟಿತು. ಚಿಕ್ಕಣ್ಣ ಇಳಿದು ಚರಂಡಿ ಪಕ್ಕದಲ್ಲಿ ಮಂಡಿ ಹಿಡಿದು ಕೂತಿದ್ದ. ಬಿಸಿಲಿನಲ್ಲೂ ಮೈಯೆಲ್ಲ ಮುಳ್ಳು ಎದ್ದಿತ್ತು. ಮೂಗಿನಿಂದ, ಕಣ್ಣಿನಿಂದ ನೀರು. ‘ಮೂಳೆ ಒಳಗೆ ಹುಳ ಓಡಾಡ್ದಂಗೈತೆ ಸಾ. ಸ್ಟಿಯರಿಂಗ್ ಹಿಡಿಯಾಕ್ ಆಗ್ತಿಲ್ಲ’ ಎಂದ. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ಬೈಯುತ್ತಿದ್ದರು. ಡಾಕ್ಟರ್ ವಿಮಲಾ ಬಂದು ಅವನ ಕಣ್ಣಿನ ಪಾಪೆ ನೋಡಿದರು, ನಾಡಿ ನೋಡಿದರು, ಖಾಕಿ ಜೇಬಿನಲ್ಲಿದ್ದ ಬ್ರಾಂದಿ ಬಾಟಲಿ ತೆಗೆದು ಮೂಸಿದರು. ಆಮೇಲೆ ನನ್ನನ್ನು ನೋಡಿದರು.

ಒಳಗೆ ಹೋದ ಮೇಲೆ ಹೇಳಿದರು: ‘ಇದು ಶೀತ ಅಲ್ಲ. ಅಫೀಮು ತಗೊಳ್ಳೋರಿಗೆ ದಿಢೀರ್ ಅಂತ ನಿಲ್ಲಿಸಿದ್ರೆ ಹೀಗಾಗುತ್ತೆ. ನಿಮ್ಮ ಕೆಮ್ಮಿನ ಮಿಕ್ಸ್‌ಚರು ಇವರಿಗೆ ಚಟ ಹತ್ತಿಸಿದೆ. ನಿಮಗೆ ಇಷ್ಟು ದಿನ ಅನ್ನಿಸ್ಲೇ ಇಲ್ವಾ?’

ಅನ್ನಿಸಿರಲಿಲ್ಲ. ಅಫೀಮು ಎಂದರೆ ನನ್ನ ಮನಸ್ಸಿನಲ್ಲಿ ಗಡ್ಡ ಬಿಟ್ಟ ಬೈರಾಗಿಗಳು, ಹಾಳು ಗುಡಿ, ಹೊಗೆ. ಖಾಕಿ ಷರಟು ಹಾಕಿದ, ಹೆಂಡತಿ ಮಕ್ಕಳಿರುವ, ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯೂ ನಿಂತು ಚೀಟಿ ತೋರಿಸಿ ತೆಗೆದುಕೊಳ್ಳುವ ಮನುಷ್ಯನಿಗೆ ಚಟ ಎಂದು ಹೇಗೆ ಅನ್ನಿಸಬೇಕು? ಕೊಡುವವನಾದರೂ ಬಿಳಿ ಕೋಟು ಹಾಕಿದ್ದಾನೆ, ‘ಶೇಕ್ ಮಾಡಿ ಕುಡೀರಿ’ ಎಂದು ಬೇರೆ ಹೇಳುತ್ತಿದ್ದಾನೆ. ಮುಂದೆ ಎಂಬತ್ತರ ದಶಕದಲ್ಲಿ ನಾನು ಕುಣಿಗಲ್ಲಿನಲ್ಲಿದ್ದಾಗ, ಅಮೃತೂರಿನಿಂದ ಒಬ್ಬ ಮೇಷ್ಟ್ರು ಕೆಮ್ಮಿನ ಸಿರಪ್ಪಿಗೆ ಬರುತ್ತಿದ್ದರು. ಇಸ್ತ್ರಿ ಪಂಚೆ, ವಿಭೂತಿ. ಅವರು ಆಕಳಿಸಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಕೈ ಹಿಡಿದು ಡಾಕ್ಟರ ಹತ್ತಿರ ಕೂರಿಸಿದೆ. ಅದನ್ನು ನೋಡಿ ಅಲ್ಲಿಯವರು ನಾನು ಬಹಳ ಬುದ್ಧಿವಂತ ಎಂದುಕೊಂಡರು. ಆ ಬುದ್ಧಿ ಯಾರ ಖರ್ಚಿನಲ್ಲಿ ಬಂತು ಎಂದು ನಾನು ಹೇಳಲು ಹೋಗಲಿಲ್ಲ.

ಊರಿನ ಉಳಿದವರು ಒಂದು ವಾರ ನರಳಿ, ನನ್ನನ್ನು ಶಪಿಸಿ, ಚೇತರಿಸಿಕೊಂಡರು. ಅವರು ಕುಡಿಯುತ್ತಿದ್ದದ್ದು ಕಡಿಮೆ. ಚಿಕ್ಕಣ್ಣನದ್ದು ಹಾಗಲ್ಲ. ಡಾಕ್ಟರು ಅಡ್ಮಿಟ್ ಆಗು ಎಂದರೆ ಹೆದರಿ, ಸಂಜೆಯೇ ತುಮಕೂರಿಗೆ ಹೋಗಿಬಿಟ್ಟ. ತುಮಕೂರಿನ ಪಕ್ಕದ ಸತ್ಯಮಂಗಲದ ಯಾವುದೋ ಫ್ಯಾಕ್ಟರಿಯಲ್ಲಿ ಅವನ ಭಾವಮೈದುನ ಕೆಲಸಕ್ಕಿದ್ದ. ಶಿಫ್ಟಿನವರು ಯಾರೋ ನಿದ್ದೆಮಾತ್ರೆ ಕೊಟ್ಟರು. ಯಾವುದೋ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿರಪ್ಪು ಸಿಕ್ಕಿತು. ಮೈ ನಡುಕ ನಿಂತಿತು, ಚಿಕ್ಕಣ್ಣ ನಗುತ್ತಾ ಡ್ಯೂಟಿಗೆ ವಾಪಸ್ಸು ಬಂದ. ವಾಸಿಯಾಯಿತಲ್ಲ ಎಂದು ನಾನೂ ನಕ್ಕೆ. ಡಾಕ್ಟರೊಬ್ಬರೇ ನಗಲಿಲ್ಲ. ‘ಅವನ ಮಾತು ಎಳೀತಿದೆ ನೋಡಿ. ಮಾಲೀಕರಿಗೆ ಹೇಳ್ಬೇಕು’ ಎಂದರು. ಹೇಳುವಷ್ಟರಲ್ಲಿ, ಮರುದಿನವೇ, ಚಿಕ್ಕಣ್ಣ ಸ್ಟಿಯರಿಂಗ್ ಮೇಲೆ ತೂಕಡಿಸಿದ. ಬಸ್ಸು ರಸ್ತೆ ಬಿಟ್ಟು ರಾಗಿ ಹೊಲಕ್ಕೆ ನುಗ್ಗಿ, ಬದುವಿಗೆ ಒರಗಿ ನಿಂತಿತು.

ಯಾರೂ ಸಾಯಲಿಲ್ಲ. ಒಬ್ಬ ಹೆಂಗಸಿನ ಕೈ ಮುರಿಯಿತು. ಒಂದು ಮಗುವಿನ ಹಣೆ ಒಡೆಯಿತು, ನಾನೇ ರಕ್ತ ಒರೆಸಿದೆ. ಡಾಕ್ಟರು ಹೊಲಿಗೆ ಹಾಕಿದರು. ನನ್ನ ಕೈಯಿಂದ ಹತ್ತಿ ಕೆಳಗೆ ಬಿತ್ತು. ಮಾಲೀಕರು ಬಂದು ಚಿಕ್ಕಣ್ಣನ ಕೈಯಿಂದ ಬಸ್ಸಿನ ಬೀಗದ ಕೈ ಕಿತ್ತುಕೊಂಡು, ‘ಇನ್ಮೇಲೆ ಗಾಡಿ ಹತ್ರ ಕಾಣಿಸ್ಕೊಂಡ್ರೆ ಕಾಲು ಮುರೀತೀನಿ’ ಎಂದರು. ಚಿಕ್ಕಣ್ಣ ಹೊಲದಲ್ಲಿ ಕೂತು, ಮಣ್ಣಾಗಿದ್ದ ಬಸ್ಸಿನ ಮೂತಿಯನ್ನು ಕರ್ಚೀಫಿನಿಂದ ಒರೆಸುತ್ತಿದ್ದ.

ಎರಡು ದಿನದ ಮೇಲೆ ಅವನ ಹೆಂಡತಿ ಜಯಮ್ಮ ಅವನನ್ನು ಎಳೆದುಕೊಂಡೇ ಆಸ್ಪತ್ರೆಗೆ ತಂದಳು. ಬೈಯುತ್ತಾಳೆ ಎಂದು ನಾನು ಜಾಡಿಗಳ ಹಿಂದೆ ಸರಿದೆ. ಅವಳು ಬೈಯಲಿಲ್ಲ. ‘ಮಾತ್ರೆ ಕಿತ್ಕಂಡ್ರೆ ಹೊಡೀತವ್ರೆ. ಯಾವತ್ತೂ ಕೈ ಎತ್ತಿದ್ ಮನ್ಸ ಅಲ್ಲ ಡಾಕ್ಟ್ರಮ್ಮ. ನಂಗೆ ನನ್ ಗಂಡ ಬೇಕು, ಅಷ್ಟೇಯ’ ಎಂದಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ ಎಂದು ಡಾಕ್ಟರು ಹೇಳಿದರೆ, ಹುಚ್ಚಾಸ್ಪತ್ರೆ ಎಂದು ಹೆದರಿ ಇಬ್ಬರೂ ಒಪ್ಪಲಿಲ್ಲ.

ಆಗ ಡಾಕ್ಟರ್ ವಿಮಲಾ ತುಮಕೂರಿನ ತಮ್ಮ ಹಿರಿಯ ಡಾಕ್ಟರೊಬ್ಬರನ್ನು ಕೇಳಿಕೊಂಡು ಬಂದು, ಒಂದು ದಾರಿ ಹಿಡಿದರು. ಅವನನ್ನು ನಮ್ಮ ವಾರ್ಡಿನಲ್ಲೇ ಇಟ್ಟುಕೊಂಡು ನಿದ್ದೆಮಾತ್ರೆ ಬಿಡಿಸುವುದು. ಟಿಂಕ್ಚರನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾ ಇಳಿಸುವುದು. ಅಷ್ಟರಲ್ಲಿ ಸಪ್ಲೈಯೂ ಬಂದಿತ್ತು. ‘ಅಳತೆ ನೀವೇ ಮಾಡ್ಬೇಕು. ನೀವೇ ಕುಡಿಸ್ಬೇಕು. ಬಾಟಲಿ ಅವನ ಕೈಗೆ ಕೊಡಬಾರ್ದು’ ಎಂದು ನನಗೆ ಹೇಳಿದರು. ಬಣ್ಣ ವಾಸನೆ ಹಾಗೇ ಇಟ್ಟು, ಇಳಿಸುತ್ತಿರುವುದು ಅವನಿಗೆ ತಿಳಿಯದಂತೆ ಮಾಡೋಣವೇ ಎಂದು ನನ್ನ ಜಾಣತನ ತೋರಿಸಿದೆ. ‘ಬೇಡ. ಶುರುವಾಗಿದ್ದು ಅವನಿಗೆ ಗೊತ್ತಿಲ್ದೆ. ಮುಗಿಯೋದಾದ್ರೂ ಗೊತ್ತಿದ್ದು ಮುಗೀಲಿ’ ಎಂದರು.

ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ನಿಜವಾಗಿ ಕೆಲಸ ಮಾಡಿದ್ದು ಅದೊಂದು ಬೇಸಿಗೆ. ಮೊದಲು ವಾರ್ಡಿಗೆ, ಆಮೇಲೆ ಅವನ ಮನೆಗೆ, ಹೊತ್ತು ಹೊತ್ತಿಗೆ ಚಿಕ್ಕ ಗಾಜಿನ ಅಳತೆಯಲ್ಲಿ ಔಷಧಿ ಹಿಡಿದು ಹೋಗುತ್ತಿದ್ದೆ. ಜಾಡಿಗೆ ಸುರಿಯುವಾಗ ಧಾರಾಳಿಯಾಗಿದ್ದವನು ಈಗ ಹನಿ ಎಣಿಸುತ್ತಿದ್ದೆ. ಚಿಕ್ಕಣ್ಣ ಅಳತೆಯನ್ನು ಬೆಳಕಿಗೆ ಹಿಡಿದು ನೋಡಿ, ‘ನೆನ್ನೆಗಿಂತ ಕಮ್ಮಿ ಐತೆ’ ಎನ್ನುತ್ತಿದ್ದ. ಹೌದು ಎನ್ನುತ್ತಿದ್ದೆ. ಒಂದು ದಿನ ನನ್ನ ಕಾಲು ಹಿಡಿದ. ಇನ್ನೊಂದು ದಿನ, ‘ಲೇ ನಂಜುಂಡ, ನೀನೇ ಅಲ್ವೇನ್ಲಾ ಹಿಡಿಸಿದ್ದು? ಈಗ ಕಿತ್ಕಳಾಕ್ ಬಂದಿದೀಯ?’ ಎಂದು ಬಾಯಲ್ಲಿದ್ದದ್ದನ್ನು ನನ್ನ ಬಿಳಿ ಕೋಟಿನ ಮೇಲೆ ಉಗಿದ. ಉಗಿದವನೇ, ಅಯ್ಯೋ ದಂಡವಾಯಿತಲ್ಲ ಎಂದು ಕೋಟನ್ನೇ ನೋಡುತ್ತಾ ಕೂತ. ನನಗೆ ನಗು, ಅಳು ಎರಡೂ ಬಂತು. ಜಯಮ್ಮ ಒಳಗಿನಿಂದ ಒದ್ದೆ ಬಟ್ಟೆ ತಂದುಕೊಟ್ಟಳು.

ನನ್ನನ್ನು ಕರಗಿಸುವುದು ಅವನಿಗೆ ಸುಲಭವಾಗಿತ್ತು. ಒಂದು ಭಾನುವಾರ ನಮ್ಮ ಮನೆಗೇ ಬಂದು, ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಮುದುಡಿ ಮಲಗಿದ. ‘ಒಂದೇ ಒಂದು ಚಮಚ ಸಾ. ಡಾಕ್ಟ್ರಮ್ಮಂಗೆ ಹೇಳ್ಬೇಡಿ’ ಎಂದ. ನೋಡಲಾಗದೆ ಸೊಂಟದ ಬೀಗದ ಕೈಗೆ ಕೈ ಹಾಕಿ ಎದ್ದೆ. ಸಾವಿತ್ರಿ ಬಾಗಿಲಿಗೆ ಅಡ್ಡ ನಿಂತಳು. ‘ಎಲ್ಲಿಗೆ? ಒಳ್ಳೇ ಕಾಂಪೌಂಡ್ರು ಅನ್ನಿಸ್ಕೊಳ್ಳೋ ಆಸೆ ಇನ್ನೂ ತೀರಿಲ್ವಾ?’ ಎಂದಳು. ನಾನು ಕೂತೆ. ಅವಳು ಅವನಿಗೆ ನೀರುಮಜ್ಜಿಗೆ ಕುಡಿಸಿ, ಜಯಮ್ಮನನ್ನು ಕರೆಸಿದಳು. ಮಧ್ಯಾಹ್ನವೆಲ್ಲ ನಾವು ಮೂವರೂ ಅವನ ಕೈಕಾಲು ಒತ್ತುತ್ತಾ ಕೂತಿದ್ದೆವು. ಸಂಜೆಗೆ ನೋವು ಇಳಿಯಿತು.

ಕೊನೆಗೆ ಅಳತೆಯ ತಳದಲ್ಲಿ ಒದ್ದೆ ಮಾತ್ರ ಕಾಣುವ ದಿನ ಬಂತು. ಇದೇ ಕೊನೆಯದು, ಬೇಕಾದರೆ ನಿನ್ನ ಕೈಯಿಂದಲೇ ಚೆಲ್ಲು ಎಂದು ಆವತ್ತು ನನ್ನ ಜೊತೆ ಅವನ ಮನೆಗೆ ಬಂದಿದ್ದ ಡಾಕ್ಟರು ಹೇಳಿದರು. ಚಿಕ್ಕಣ್ಣ ಹಿತ್ತಲಿಗೆ ಹೋಗಿ ದಾಸವಾಳದ ಗಿಡದ ಮುಂದೆ ಬಹಳ ಹೊತ್ತು ನಿಂತ. ವಾಪಸ್ಸು ಬಂದು, ‘ಕುಡ್ದ್‌ಬುಟ್ಟೆ. ಸುಮ್ಕೆ ಸುಳ್ಳು ಯಾಕ್ ಹೇಳ್ಲಿ’ ಎಂದ. ಡಾಕ್ಟರು ಮೊದಲ ಸಲ ಜೋರಾಗಿ ನಕ್ಕರು.

ಚಟ ಬಿಟ್ಟ ಮೇಲೂ ಅವನ ಮುಖದಲ್ಲಿ ಕಳೆ ಬರಲಿಲ್ಲ. ಕೂಲಿಗೆ ಹೋಗಿ ತೆಂಗಿನಕಾಯಿ ಸುಲಿಯುತ್ತಿದ್ದ. ಬಸ್ಸು ಬರುವ ಹೊತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ‘ಹಿಂಗೇ ಬುಟ್ರೆ ಇನ್ನೊಂದೇನಾರ ಹುಡಿಕ್ಕತಾರೆ’ ಎಂದು ಜಯಮ್ಮ ಹೆದರಿದ್ದಳು. ಅವಳ ಹೆದರಿಕೆ ನನಗೂ ಹತ್ತಿತು. ಸುಗ್ಗಿ ಮುಗಿದ ಮೇಲೆ ಡಾಕ್ಟರೂ ನಾನೂ ಗುಬ್ಬಿಗೆ ಹೋಗಿ ಮಾಲೀಕರ ಮುಂದೆ ಕೂತೆವು. ಅವರು ಎಲ್ಲವನ್ನೂ ಕೇಳಿಸಿಕೊಂಡು ಎಲೆಯಡಿಕೆ ಉಗುಳಿ ಬಂದರು.

‘ಡಾಕ್ಟ್ರಮ್ಮ, ನೀವು ಹೇಳಿದ್ಮೇಲೆ ಇಲ್ಲ ಅನ್ನಾಕಾಗಲ್ಲ. ಆದ್ರೆ ನಂಗೆ ನಿಮ್ ಸರ್ಟಿಫಿಕೇಟ್ ಬ್ಯಾಡ. ಈ ಕಾಂಪೌಂಡ್ರು ಅವನ ಪಕ್ಕದ ಸೀಟ್ನಾಗೆ ಕುಂತ್ಕಂಡು ಒಂದು ತಿಂಗ್ಳು ದಿನಾ ಓಡಾಡ್ಲಿ. ಹೋದ್ರೆ ಮೊದ್ಲು ಇವ್ರು ಹೋಗ್ಲಿ.’

ಡಾಕ್ಟರು ನನ್ನ ಕಡೆ ತಿರುಗದೆ, ‘ಬರ್ತಾರೆ’ ಎಂದುಬಿಟ್ಟರು.

ನಾನು ಧೈರ್ಯವಂತನಲ್ಲ. ಮೊದಲ ದಿನ ಬೆಳಿಗ್ಗೆ ಸಾವಿತ್ರಿ ಕುಂಕುಮ ಇಡಲು ಬಂದರೆ, ನನ್ನ ತಿಥಿಯೇನೇ ಇವತ್ತು ಎಂದು ರೇಗಿದೆ. ಬಸ್ಸು ಬಂದು ನಿಂತಿತು. ಚಿಕ್ಕಣ್ಣ ಒಗೆದ ಖಾಕಿ ಹಾಕಿದ್ದ. ಹಿಂದಿನ ಸೀಟಿನಲ್ಲಿ ಜಯಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದಳು. ಊರಿನವರು ಕೆಲವರು ಚಿಕ್ಕಣ್ಣನನ್ನು ನೋಡಿ ಹತ್ತದೆ ಕೆಳಗೇ ಉಳಿದರು. ಒಬ್ಬನು, ‘ಕಾಂಪೌಂಡ್ರೆ, ನೀವು ಹತ್ತೀರಾ?’ ಎಂದು ಕೇಳಿದ. ಹತ್ತುತ್ತೇನೆ ಎಂದೆ. ನಾನು ಹತ್ತಿ ಕೂತ ಮೇಲೆ ಅವರಲ್ಲಿ ಇಬ್ಬರು ಮೂವರು ಹತ್ತಿದರು.

ಅವನು ನಿಧಾನವಾಗಿ ಬಿಟ್ಟ. ರಾಗಿ ಹೊಲದ ತಿರುವು ಬಂತು. ನಾನು ಮುಂದಿನ ಕಂಬಿ ಹಿಡಿದುಕೊಂಡು ರಸ್ತೆ ನೋಡುವ ಬದಲು ಅವನ ಕಣ್ಣೆವೆ ನೋಡುತ್ತಾ ಕೂತಿದ್ದೆ. ತಿರುವು ದಾಟಿತು. ಮುಂದೆ ಒಂದು ಲಾರಿ ಹೋಗುತ್ತಿತ್ತು, ಅದರ ಹಿಂದಿನ ಧೂಳೆಲ್ಲ ಕಿಟಕಿಯಿಂದ ಒಳಗೆ ಬಂತು. ಚಿಕ್ಕಣ್ಣ ಕೆಮ್ಮಿದ. ಸಣ್ಣ ಕೆಮ್ಮಲ್ಲ, ಎದೆ ಹಿಡಿದು ಬರುವ ಒಣ ಕೆಮ್ಮು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ಹಿಂದೆ ಜಯಮ್ಮ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಇಡೀ ಬಸ್ಸು ನನ್ನ ಕಡೆ ನೋಡಿತು, ಔಷಧಿ ನನ್ನ ಜೇಬಿನಲ್ಲೇ ಇದೆಯೇನೋ ಎಂಬಂತೆ.

ಚಿಕ್ಕಣ್ಣ ಮಾತ್ರ ನನ್ನ ಕಡೆ ನೋಡಲಿಲ್ಲ. ಕಾಲರಿನ ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡ, ಲಾರಿಗೆ ಹಾರ್ನ್ ಮಾಡಿದ, ಗೇರು ಬದಲಿಸಿ ಅದನ್ನು ಹಿಂದೆ ಹಾಕಿದ. ನನಗೆ ತಡೆಯಲಾರದಷ್ಟು ಅಳು ಬಂತು. ಧೂಳು, ಧೂಳು ಎಂದುಕೊಂಡು ಕಣ್ಣೊರೆಸಿಕೊಂಡೆ. ‘ಕಿಟಕಿ ಹಾಕ್ಕಳಿ ಸಾ’ ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ.